ಡಬ್ಬಿಗೊಂದು ಹಸೀ ಗೋಣಿ

…ಮೊದ್ಲ ಬಾಯಾಗಿನ ಸ್ಕ್ರೂ ತಗದು ನಗೋ ಅತೀಕ! ನುಂಗಿಗಿಂಗೀ! ಆಮ್ಯಾಲೆ ನಿಮ್ಮ ಸವಣೂರ ಮಂದಿ, ಹಾಲವ್ವ ನಮ್ಮ ಕಂಪ್ಯೂಟರ್ ರಿಪೇರಿಯವನ್ನ ಕೊಂದ್ಲು ಅಂತಾರ. ನಗೂದೇನೈತಿ ಇದರಾಗ? ತಂಪಿರಬೇಕಂದ್ರ ನಮ್ಮ ಅಕ್ಕಿಆಲೂರಾಗ ಏನ್ ಮಾಡ್ತಾರ? ನೀರಿನ ಹರವಿಗೆ ಹಸೀ ಗೋಣಿ ಸುತ್ತತಾರ. ಮದುವಿ ವಿಡಿಯೋ ಕೂಡಿಡೂ ಈ ಡಬ್ಬಿಗೂ ಸುತ್ತಿದೆ. ಹರವಿ ನೀರು ಎಂದರ ಕಾದೈತೇನು?

ಹಾಂ… ಗಾಳಿ ಆಡಬೇಕು. ಗೊತ್ತೈತಪಾ, ಗೊತ್ತೈತಿ! ಇಷ್ಟಗಲ ಬುತ್ತಿಡಬ್ಬಿಯಂಥಾದ್ರಾಗ ನಾಕು ಹಾರ್ಡ್ ಡಿಸ್ಕ್ ತುರುಕಿಕೊಟ್ಟಾವ ನೀನ. ಉಸಿರರ ಎಲ್ಲಿಂದ ಆಡಬೇಕು ಅವು? ತಪ್ಪು ಡಬ್ಬೀದು. ನಂದಲ್ಲ.

ಮೊಬೈಲಿನಾಗ ಏನ್ ತೋರಸ್ತಿ? ಅರವತ್ತೊಂದು ಡಿಗ್ರಿ? ಕಾದು ಮತ್ತ ನಿಂತ್ವೇನು ಡಿಸ್ಕು?

ಅಯ್ಯ… ಹಂಗ ನೋಡಬ್ಯಾಡ ನನ್ನ. ನಿಮ್ಮ ತಂಗಿ ನಿಖತಳ ನಿಕಾ ವಿಡಿಯೋ ಅದರಾಗ ಐತಿ. ಕ್ಯಾಮೆರಾ ಕಾರ್ಡು ಅಳಿಸೇನಿ, ಅದನ್ನೂ ಒಪ್ಪಿಕೊಂತೇನಿ. ಆದ್ರ ಇಪ್ಪತ್ತೆರಡು ವರ್ಷದಾಗ ಹಾಲವ್ವನ ಸ್ಟುಡಿಯೋದಾಗ ಒಂದ ಒಂದು ಮದುವಿ ಕಳದಿಲ್ಲ! ಹಿರೇಕೆರೂರಿಂದ ಶಿಗ್ಗಾವಿತನಕ ಯಾರನ್ನರ ಕೇಳು. ನನಗ ಅಕ್ಷರ ಕಲಿಸಿದವರಿಲ್ಲ, ಕ್ಯಾಮೆರಾ ಕಲಿಸಿದವರಿಲ್ಲ. ಕ್ಯಾಮೆರಾ ಬಂದ ರಟ್ಟಿನ ಖೋಕಾದ ಮ್ಯಾಲಿಂದು ಓದಿ ಓದಿ ಕಲ್ತಾಕಿ ನಾ.

ಡಬ್ಬಿ ಹಿಂದಿನ ಆ ತೂತಿನಾಗ ಬೆರಳ್ಯಾಕ ಆಡಸ್ತಿ? ಫ್ಯಾನಾ? ಯಾವ ಫ್ಯಾನು? ಓ, ಅಲ್ಲಿದ್ದ ಸಣ್ಣದಾ… ಸುಟ್ಟ ಹೋತು. ಇಲ್ಲ, ಇಲಿ ವಾಯರ್ ಕಡೀತು. ಎರಡೂ ಆತು ಅನ್ನು! ಮೊದ್ಲ ಕಡೀತು, ಆಮ್ಯಾಲೆ ಸುಟ್ಟಿತು. ಒಗದೆ.

ಥೋ! ಕರೆಂಟ್ ಹೋತು. ಹೆದರಬ್ಯಾಡ, ಡಬ್ಬಿಗೆ ಯುಪಿಎಸ್ ಐತಿ… ಏನ್ ನೋಡಾಕತ್ತಿ? ಟೇಬಲ್ ಮ್ಯಾಲಿನ ಬಟ್ಟಿ ಅಳ್ಳಾಡಾಕತ್ತೈತಿ? ಗಾಳಿಗೋ! ಕಿಟಕ್ಯಾಗಿಂದ… ಹೌದಲಾ, ಗಿರಣಿ ತೌಡು ಹಾರಿ ಬರತೈತಂತ ಕಿಟಕಿ ನಾನ ಮುಚ್ಚೇನಿ. ಸಂದ್ಯಾಗಿಂದ ಬರಬಾರದೇನು ಗಾಳಿ?

ಏ, ಯುಪಿಎಸ್ಸಿಂದ ಬಂದ ಆ ವಾಯರ್ ಹಿಡಕೊಂಡು ಬರಬ್ಯಾಡ. ಅತೀಕ, ಹಿರೇಮನಷ್ಯಾಳು ಹೇಳಾಕತ್ತೇನಿ… ಟೇಬಲ್ ಬುಡಕ ಬಗ್ಗಬ್ಯಾಡೋ!

…ನೋಡಿದಿಲಾ. ಹೌದು, ಅದ ಫ್ಯಾನು. ಹಳೇ ಡಿಶ್ ಡಬ್ಬಿಯ ಅಡಾಪ್ಟರಿಗೆ ನಾನ ಜೋಡಿಸೇನಿ. ಅದನ್ನೂ ಯಾರೂ ಕಲಿಸಿಲ್ಲ, ತಿಳಕೊ! ಬಾಯಾಗಿನ ಸ್ಕ್ರೂ ತಗದಿಲಾ, ಇನ್ನರ ಮಾತಾಡು. ಬೈಯೋ! ನನ್ನ ಪಾದ ಏನ್ ನೋಡ್ತಿ?

…ಉರೀತಾವೋ. ಕೆಂಡ ತುಳದಂಗ ಉರೀತಾವ. ಸಕ್ಕರಿ ಬ್ಯಾನಿ ಅಂದ್ರು, ಹಾನಗಲ್ಲಾಗ ಡಾಕ್ಟರು. ಯಾರ ಮುಂದೂ ಅನಬ್ಯಾಡ. ನಿಲ್ಲಾಕ ಬರಲಾರದಾಕಿಗೆ ಮದುವಿ ಕೆಲಸ ಯಾರು ಕೊಡ್ತಾರ? ಫ್ಯಾನ್ ಮುಂದ ಪಾದ ಇಟ್ರ ಒಂದೀಟು ಜೀವ ಬರತೈತಿ, ಅದಕ್ಕ…

ಕಿತ್ಕೊ. ನನ್ನ ಕಾಲಿಗಿಂತ ನಿಮ್ಮ ತಂಗೀ ನಿಕಾ ದೊಡ್ಡದು. ಡಬ್ಬಿಗೆ ಹಾಕು.

ಏ, ಫ್ಯಾನು ಮತ್ಯಾಕ ನನ್ನ ಕಾಲಿನ ಕಡೆ ತಿರುಗಿಸಿದಿ? ಗ್ವಾಡಿ ಮ್ಯಾಲಿನ ಮೊರ ಯಾಕ ಇಳಸಾಕತ್ತಿ? ಅದು ಜ್ವಾಳ ಕೇರೂದೋ! ಹುಚ್ಚಗಿಚ್ಚ ಹಿಡದೈತೇನು, ಮೊರ ತಗೊಂಡು ಕಂಪ್ಯೂಟರ್ ಡಬ್ಬಿಗೆ ಗಾಳಿ ಬೀಸಾಕ… ಅಯ್, ಇಳೀತಲ್ಲ! ಐವತ್ತೆಂಟು… ಐವತ್ತನಾಕು… ಡಿಸ್ಕ್ ತಿರಗಾಕತ್ತಾವ! ಕರೆಂಟೂ ಬಂತು!

ನೀ ತಂದ ಡಿಸ್ಕಿಗೆ ಕಾಪಿ ಆಗಾಕ ಎಷ್ಟೊತ್ತಂತ? ಮೂರು ತಾಸಾ?

ಆ ಮೊರ ಇತ್ತ ಕೊಡು. ಬೀಸಾಕೇನು ಕಾಲು ಬೇಕಾಗಿಲ್ಲ.