ಲಂಕಾದ ಮಾಲಿಗೆ ಎಷ್ಟು ಥೂ

ಥೂ! ಥೂ ಅಂದ್ರ ಥೂ, ಬಾಳಗೊಂಡ! ಅದೂ ಒಂದ ದೇಶ ಅಂತ, ಅದಕ್ಕೊಂದ ವೀಸಾ ಅಂತ... ಹತ್ತ ದಿನ ಬಾಡಿಗಿ ರಿಕ್ಷಾ ಹೊಡದು ನನ್ನ ಟೊಂಕ ಮುರದ ಹೋಗೇತಿ. ಇಲ್ಲೆ ನೋಡ, ಇಲ್ಲೆ, ಮುಟ್ಟಿದ್ರ ಚುರ್ ಅಂತೈತಿ. ಈ ಕಡೆ ನೋಡೋ ಮಾರಾಯಾ! ಗ್ವಾಡಿ ಏನ ನೋಡ್ತಿ? ಗ್ವಾಡಿ ಮ್ಯಾಲೆ ಏನೈತಿ, ಹೋದ ವರ್ಷದ ಕ್ಯಾಲೆಂಡರ!

ಮಯೂರಿ, ಚಾ ಬ್ಯಾಡವಾ. ನಿಮ್ಮ ಮಾವನ ಮಾರಿ ಮದ್ಲ ನನ್ನ ಕಡೆ ತಿರಗ್ಲಿ, ಆಮ್ಯಾಲೆ ಚಾ. ಸೌದಾ ಆಗೂತನಕ ಚಾ ಕುಡಿಯೂದು ನಮ್ಮ ಪದ್ಧತಿ ಅಲ್ಲ.

ಬಾಗಲದಾಗ ನಿನ್ನ ಮನಿಯವರು, ದ್ರೌಪದಿ ವೈನಿ ಸಿಕ್ಕಿದ್ರು. ‘ಬಂದ್ರೇನ್ರಿ’ ಅಂತ ಒಂದ ಮಾತ ಅಂದು ಒಳಗ ಹೋದ್ರು. ನಲವತ್ತ ವರ್ಷ ಆತು ಈ ಮನೀಗೆ ಬರಾಕ ಹತ್ತಿ, ಇಷ್ಟ ಗಿಡ್ಡ ಮಾತ ಅವರು ಎಂದೂ ಆಡಿದ್ದಿಲ್ಲ. ತಿಳೀತು ನನಗ. ಗಡಹಿಂಗ್ಲಜ ಪ್ಯಾಟಿ ಪ್ಯಾಟೀನ ಅನ್ನಾಕತ್ತೈತಿ. ಪಾರ್ಟನರ ಕೊಲ್ಲಾಪುರದ ದವಾಖಾನ್ಯಾಗ ಬಾಯಿ ಸೊಟ್ಟ ಮಾಡ್ಕೊಂಡ ಬಿದ್ದಾನ, ಅರಿವಿ ಅಂಗಡಿ ಸಾತಪ್ಪ ಲಂಕಾಕ್ಕ ಮಜಾ ಮಾಡಾಕ ಹೋಗ್ಯಾನ! ಮಜಾ! ಮಂದಿ ಮಾತ ಬಿಡ, ಮಂದಿ ಉಧಾರ ಕೇಳಾಕೂ ಬರ್ತಾರ, ಬೈಯಾಕೂ ಬರ್ತಾರ. ನಿನ್ನ ಕಡೆ ಹೇಳಬೇಕು ನಾ. ಬಲಗೈ ಹೋತು, ಮಾತ ಹೋತು. ಕಿವಿ ಹೋಗಿಲ್ಲಲಾ? ಹಂಗಾರ ಕೇಳ. ನೀ ಕಳಕೊಂಡಿದ್ದು ಏನೂ ಇಲ್ಲ. ಅದನ್ನ ಹೇಳಾಕ, ನಿನ್ನೆ ಸಂಜೀಕ ಬಂದಾಂವ ಇವತ್ತ ಮುಂಜಾನೆ ನಿನ್ನ ಖಾಟಿಗೆ ಬಂದೇನಿ.

ಇಬ್ಬರೂ ಕೂಡಿ ಹೋಗೂದಿತ್ತು, ಒಪ್ಪತೇನಿ. ನಿನ್ನ ಮೊಮ್ಮಗಳು ಮೊಬೈಲಿನ್ಯಾಗ ತೋರಸಿದ್ಲು, ಗೋರಾ ಮಂದಿ ತಾವ ರಿಕ್ಷಾ ಹೊಡಕೋತ ಲಂಕಾ ಸುತ್ತೂದು. ನೀ ಜಿಗದ ಕುಂತು ಅಂದಿ, ‘ಲೇ ಸಾತ್ಯಾ, ಇದು ನಮ್ಮ ಹಳೇ ಟೆಂಪೋ!’ ಹೌದು, ಆ ಮೂರ ಗಾಲಿ ಟೆಂಪೋ. ಇಚಲಕರಂಜಿಯಿಂದ ಅರಿವಿ ಗಂಟ ಹೇರಕೊಂಡು ಉತ್ತೂರ ಸಂತಿ, ಹಲಕರ್ಣಿ ಸಂತಿ... ನೀ ಹೊಡಿಯಾಂವ, ನಾ ಕುಂತ ಬೈಯಾಂವ. ಅರವತ್ತನಾಲ್ಕ ವರ್ಷಕ್ಕ ಮತ್ತೊಮ್ಮೆ ಹಂಗ ಹೋಗೂನು ಅಂದ್ವಿ. ಟಿಕೀಟ ತಗದ್ವಿ. ಹೊಂಡಾಕ ಒಂಬತ್ತ ದಿನ ಇದ್ದಾಗ ನೀ ಬಚ್ಚಲದಾಗ ಬಿದ್ದಿ.

ಏಜೆಂಟ ಏನಂದಾ ಗೊತ್ತೇನು? ‘ಸಾವಕಾರ್ರ, ಈಗ ರದ್ದ ಆಗೂದಿಲ್ಲ, ಒಂದ ಪೈಸಾ ಹೊಳ್ಳಿ ಬರೂದಿಲ್ಲ.’ ವ್ಯಾಪಾರಸ್ಥ ಮನಶ್ಯಾ ನಾ, ನೀರಾಗ ಹಾಕಲೇನ ರೊಕ್ಕ? ಹೋದ್ನಿ. ಅಷ್ಟ. ಹೌಸಿಲೆ ಹೋದಾಂವಲ್ಲ.

ಅಲ್ಲೆ ಇಳದ ಮದಲನೇ ದಿನ ಕೇಳ. ಹಸಿವ್ಯಾಗಿತ್ತು. ಸಣ್ಣ ಹೋಟೆಲ್ಲು, ಅಡ್ಡಗಾಲ ಹಾಕಿ ಕುಂತ್ನಿ. ಅನ್ನ ಬಂತು, ಬ್ಯಾಳಿ ಬಂತು, ಬಾಜೂಕ ಕೊಬ್ಬರಿ ಹೆರದು ಕೆಂಪಖಾರ ಹಾಕಿ ನಿಂಬಿ ಹಿಂಡಿದ್ದ ಚಟ್ನಿ. ನೋಡಿದ್ರ ನಮ್ಮ ಮನೀದಽ! ಒಂದ ಹಿಡಿ ಬಾಯಾಗ ಹಾಕ್ಕೊಂಡ್ನಿ... ನಾತ! ಒಣಾ ಮೀನ ಕುಟ್ಟಿ ಹಾಕ್ಯಾರ! ‘ವೆಜ್, ವೆಜ್ ಅಂದಿದ್ನಲ್ಲೋ’ ಅಂದ್ರ, ಹೋಟೆಲಿನಾಂವ ಹಲ್ಲ ಕಿಸದು ಅಂತಾನ, ‘ಎಸ್ ಸರ್, ವೆಜ್, ಓನ್ಲಿ ಫಿಶ್.’ ಓನ್ಲಿ ಫಿಶ್! ಇಂವನ ವೆಜ್ಜಿಗೆ ಬೆಂಕಿ ಹಚ್ಚಲಿ. ರಸ್ತಾದಾಗ ಬಂದು ಥೂ ಥೂ ಅಂತ ಉಗುಳಿದ್ನಿ. ಎರಡ ದಿನ ಬಾಳಿಹಣ್ಣ ಮ್ಯಾಲೆ ಇದ್ನಿ, ಮನೀ ರೊಟ್ಟಿ ಮುಂದಿನ ದಾರೀಗಿರ್ಲಿ ಅಂತ ಗಂಟ ಬಿಚ್ಚಲಿಲ್ಲ. ನೀ ಇದ್ದಿದ್ರ...

ಯಾಕ? ಬೆರಳ ಯಾಕ ಎತ್ತಿದಿ? ಎಡಗೈದ ವ್ಯಾಯಾಮ ಹೇಳ್ಯಾನೇನ ಡಾಕ್ಟರ? ಮಾಡ, ಮಾಡ. ಮಾಡಬೇಕದು.

ಆಮ್ಯಾಲೆ ರಿಕ್ಷಾ. ಬಾಡಿಗಿ ಕೊಟ್ಟಾಂವ ಒಂದ ತಾಸ ಕಲಿಸಿದ. ‘ಈಜಿ ಸರ್, ಈಜಿ.’ ಈಜಿ ಅಂತ! ಗೇರೂ ಕೈಯಾಗ, ಕ್ಲಚ್ಚೂ ಕೈಯಾಗ. ಜನ್ಮದಾಗ ಹೊಡದಾಂವಲ್ಲ ನಾ, ಬೈದಾಂವ. ಚಾದ ಗುಡ್ಡ ಏರೋ ಮುಂದ ಹೆಂಗ ಒದರತಿತ್ತಂತಿ, ಕಡಿಯಾಕ ಒಯ್ಯೂ ಎಮ್ಮಿ ಒದರಿದಂಗ. ಹಿಂದ ಭಾರ ಇಲ್ಲ ನೋಡ. ತಿರುವ ಬಂತಂದ್ರ ಗಾಡಿ ಹೊಯ್ದಾಡತೈತಿ, ಹಿಂದಿನ ಸೀಟಿನ್ಯಾಗ ನನ್ನ ಚೀಲ ಈ ಕಡೆ ಧಪ್ಪ, ಆ ಕಡೆ ಧಪ್ಪ. ಬೈಯಬೇಕಂತ ಹೊಳ್ಳಿ ನೋಡಿದ್ರ ಚೀಲ. ಚೀಲಕ್ಕ ಏನ ಬೈಯೂದು? ಹೊಳ್ಳಿ ಹೊಳ್ಳಿ ನೋಡಿ ಕುತಗಿ ಉಳಕಿತು.

ಒಂದ ಕಡೆ ಉಚ್ಚೀಗೆ ಇಳದ್ನಿ, ಹುಲ್ಲಿನ್ಯಾಗ. ಹೊಳ್ಳಿ ಬಂದು ಕುಂತ ಮ್ಯಾಲೆ ಕಾಲ ಒದ್ದಿ ಆದಂಗ ಆತು. ಸಾಕ್ಸ್ ತಗದ್ರ ಜಿಗಳಿ! ಒಂದಲ್ಲೋ, ಏಳು! ರಕ್ತಾ ಕುಡದು ದ್ರಾಕ್ಷಿ ಹಣ್ಣ ಆಗಿದ್ವು. ಎಂಟನೇದು... ಎಂಟನೇದು ಎಲ್ಲಿ ಹತ್ತಿತ್ತಂತ ಒಳಗ ಮಯೂರಿ ಅದಾಳ, ಹೇಳೂದಿಲ್ಲ. ಥೂ! ಹೇಸಿಗಿ ದೇಶ!

ಮತ್ತೊಂದ ಬೆರಳು. ಭಾಳ ಛಲೋ. ಕೈಯಾಗ ಜೀವ ಐತಲ್ಲೋ ನಿನಗ.

ಮುಂದ ಮ್ಯಾಲ ಹೋದ್ನಿ. ಒಂದ ತಿರುವಿನ್ಯಾಗ ಮೋಡ ಇಳದ ಬಂತು, ರಸ್ತಾದ ಮ್ಯಾಲೆ. ಖರೇನ, ನೆಲದ ಮ್ಯಾಲೆ, ನನ್ನ ಗಾಲಿ ಮುಂದ. ಗಾಡಿ ಬಂದ ಮಾಡಿದ್ನಿ. ಇಚಲಕರಂಜ್ಯಾಗ ಆವಾಗಿನ ಮಲಮಲ ನೆನಪೈತೇನ, ಹೊಸಾ ಅರಿವಿ ತಾಗಾ ಬಿಚ್ಚಿ ಝಾಡಿಸಿದ್ರ ಗಾಳ್ಯಾಗ ನಿಂತ ಬಿಡ್ತಿತ್ತು, ಬೀಳ್ತಾನ ಇದ್ದಿಲ್ಲ? ಹಂಗ. ತಾಗಾದ ಮ್ಯಾಲೆ ತಾಗಾ, ಯಾರೋ ಬಿಚ್ಚಕೋತ ಹೊಂಟಂಗ, ಮುಗೀಲೇ ಇಲ್ಲ. ಅದರ ಕೆಳಗ ಹಸರ, ಹಸರಿನ ನಡುವ ಒಂದ ನೀಲಿ ರೈಲು, ಸಪ್ಪಳಾನೂ ಇಲ್ಲ...

ಏನ ಹೇಳಾಕತ್ತಿದ್ನಿ? ಹಾಂ, ಥಂಡಿ! ದರಿದ್ರ ಥಂಡಿ! ಮೂಗ ಸೋರಿ ಸೋರಿ ನನ್ನ ಟವೆಲ್ ಎಲ್ಲಾ... ಥೂ!

ಆನೀದು ಹೇಳಲೇನ? ಆನೀದು ಕೇಳಿದ್ರ ನೀನೂ ಉಗುಳತಿ. ಅಡವಿ ರಸ್ತಾ. ನಟ್ಟ ನಡುವ ನಿಂತೈತಿ, ನಾಕಾದಾಗ ಪೋಲೀಸ ನಿಂತಂಗ. ಹಫ್ತಾ ಕೊಡದ ಬಿಡೂದಿಲ್ಲ! ಮುಂದಿನ ಬಸ್ಸಿನವರು ಕಲಂಗಡಿ ಕೊಟ್ಟ ಪಾರಾದ್ರು. ನನ್ನ ಕಡೆ ಬಂತು, ರಿಕ್ಷಾದ ಒಳಗ ಸೊಂಡಿ ಹಾಕ್ತು. ಹಸೀ ಇರತೈತೋ ಅದು! ಲೋಳಿ ಲೋಳಿ! ನನ್ನ ಈ ಗಲ್ಲ, ಈ ಕಿವಿ, ಎಲ್ಲಾ ಸವರಿ ಸವರಿ ಹುಡಕಿತು. ನಾ ಉಸರ ಬಿಡಲಿಲ್ಲ. ಗುರುಸಿದ್ದವ್ವ ಕಟ್ಟಿ ಕೊಟ್ಟ ಗಂಟ ಇತ್ತಲ್ಲ ಹಿಂದ, ನಲವತ್ತ ಖಡಕ ರೊಟ್ಟಿ, ಶೇಂಗಾ ಚಟ್ನಿ? ಗಂಟಿಗೆ ಗಂಟಽ ಎತ್ತತು! ನನ್ನ ಹೆಂಡತಿ ಎರಡ ದಿನ ಬಡದ ರೊಟ್ಟಿ, ನನ್ನ ಕಣ್ಣ ಮುಂದ ಕರ ಕರ ಕರ... ಚಟ್ನಿ ಬಾಯಾಗ ಹೋದ ಮ್ಯಾಲೆ ಒಂದ ಸೀನ ಸೀನಿತು ನೋಡ, ನನ್ನ ಚಸ್ಮಾ, ನನ್ನ ಮಾರಿ, ನನ್ನ ಅಂಗಿ... ಥೂ ಥೂ ಥೂ!

ನಗಾಕತ್ತಿ! ಯಾಕ ನಗಾಕತ್ತಿ? ಬಾಯಿ ಸೊಟ್ಟ ಆದ್ರೂ ಮಗನ ನಗು ಮಾತ್ರ ಅದ ಹಳೇದು. ಗ್ವಾಡಿ ಬಿಟ್ಟ ಈ ಕಡೆ ತಿರಗಿದಿ ಅಂದಂಗಾತು. ಛಲೋ ಆತು. ಹಂಗಾರ ಸಮುದ್ರದ್ದೂ ಕೇಳಿ ಬಿಡ, ಮುಗದ ಹೋಗ್ಲಿ.

ಸಮುದ್ರ ಅಂದ್ರ ಏನೋ? ಉಪ್ಪನೀರು. ನಸಿಕಿನ್ಯಾಗ ಹೋದ್ನಿ, ರಿಕ್ಷಾ ದಂಡೀಗೆ ಹಚ್ಚಿದ್ನಿ, ಒಂದ ಹತ್ತ ನಿಮಿಷ ನಿಂತ್ನಿ. ಬೂಟಿನ್ಯಾಗ ಉಸುಕು, ಹಲ್ಲಿನ್ಯಾಗ ಉಸುಕು, ಮೀನಿನ ನಾತ ಬ್ಯಾರೆ. ಮಂದಿ ಅರಿವಿ ಇಲ್ಲದ ಹಂಗಽ ಬಿದ್ದಿರ್ತಾರ. ಅವರಿಗೆ ಅರಿವಿ ಮಾರಾಕ ಹೋದ್ರ ನಾವಿಬ್ಬರೂ ಉಪಾಸ ಸಾಯತೇವಿ! ನೆತ್ತಿ ಮ್ಯಾಲೆ ಹೊತ್ತ ಬಂದು ಬೆವರ ಬೆನ್ನಾಗ ಇಳಿಯಾಕ ಹತ್ತಿತು, ಆವಾಗ ಹೊಳ್ಳಿ ಬಂದ್ನಿ. ಥೂ.

ಏನು? ಹಂಗ್ಯಾಕ ನೋಡ್ತಿ?

ನಸಿಕಿನ್ಯಾಗ ನಿಂತಾಂವನ ನೆತ್ತೀಗೆ ಹತ್ತ ನಿಮಿಷದಾಗ ಹೊತ್ತ ಹೆಂಗ ಬಂತು ಅಂತೀಯೇನ? ಅಲ್ಲೆ... ಅಲ್ಲೆ ಹೊತ್ತ ಲಗೂನ ಏರತೈತಿ. ಬ್ಯಾರೆ ದೇಶ ಅದು. ನಿನಗ ಗೊತ್ತಿಲ್ಲ.

ಬೆರಳ ಇಳಸ ಇನ್ನ. ಐದೂ ಎತ್ತೀದಿ. ಮುಷ್ಟಿ ಮಾಡಿ ಮತ್ತ ಒಂದು, ಎರಡು... ತಡಿ. ತಡೀಲೇ. ವ್ಯಾಯಾಮ ಅಲ್ಲ ಇದು.

ನೀ ಎಣಸಾಕತ್ತಿ!

ನನ್ನ ಥೂ ಎಣಸಾಕತ್ತಿ, ಹೌದಿಲ್ಲೋ? ಹಲ್ಕಟ್ ಮಗನಽ! ಅದು ಇಚಲಕರಂಜಿ ಲೆಕ್ಕ ಅಲ್ಲೇನು! ತಾಗಾ ಬಿಚ್ಚಿ ನಾ ಒಂದ ಸಲ ಥೂ ಅಂದ್ರ ನೀ ಚಪ್ಪಲಿ ಮೆಟ್ಟಾಂವ, ಮಾಲ ಖರೇನ ಕೆಟ್ಟೈತಿ ಅಂತ. ಕೆಟ್ಟ ಮಾಲಿಗೆ ಯಾವ ವ್ಯಾಪಾರಸ್ಥ ಎರಡನೇ ಸಲ ಉಗುಳ ಖರ್ಚ ಮಾಡ್ತಾನು? ಮೂರ ಸಲ ಥೂ ಅಂದ್ರ ಮಾಲ ಬಿಡಬ್ಯಾಡ ಅಂತ. ಗುರಣ್ಣ ದಲಾಲ ಇಪ್ಪತ್ತ ವರ್ಷ ನಮ್ಮ ಎದರ ಕುಂತಾ, ಅಂವಗೂ ತಿಳೀಲಿಲ್ಲ. ನಾ ಬೈದು ಬೈದು ಮಾರಾಂವನ ಎದಿ ಇಳಸೂದು, ನೀ ತುಟಿ ಬಿಚ್ಚದ ಟವೆಲ್ ಕೆಳಗ ಅಂವನ ಕೈ ಹಿಡದು ಬೆರಳ ಒತ್ತೂದು. ಒಂದ ಬೆರಳಿಗೆ ಒಂದಾಣೆ, ತಪ್ಪಿಲ್ಲದ ಪೂರಾ ಮಾಲಿಗೆ ಹದಿನಾರಾಣೆ. ಎಲ್ಲೆರ ಒಂದ ಎಳಿ ತಪ್ಪಿತ್ತಂದ್ರ ನಾಲ್ಕಾಣೆ ಕಡಿಯಾಂವ, ಕಸಾಯಿ ನೀ.

ಅದು ಅರಿವಿ ಮಾತು. ಇದು ದೇಶದ ಮಾತು. ಇದಕ್ಕ ಆ ಲೆಕ್ಕ ಹಚ್ಚಬ್ಯಾಡ. ಬೇಕಾರ ದೇಶ ಅಂದ್ರ ಬೇಕಾರ. ಖರೇನ ಹೇಳ್ತೇನಿ, ನೀ ಕಳಕೊಂಡಿದ್ದ...

ಟವೆಲ್ ಯಾಕ ಎಳಕೊಂಡಿ? ಸೆಕಿ ಆತೇನು? ಬಿಡ, ನಾ ಬೀಸತೇನಿ...

ಬ್ಯಾಡ. ಬ್ಯಾಡಲೇ ಬಾಳಗೊಂಡ. ಹಿಂಗ ಕೈ ಮುಂದ ಮಾಡಬ್ಯಾಡ. ಬಾಯಿಲೆ ಕೇಳ. ಬಾಯಿ ಇಲ್ಲ, ಒಪ್ಪಿದ್ನಿ. ಕಣ್ಣಿಲೆ ಕೇಳ. ಟವೆಲ್ ಕೆಳಗ ಬ್ಯಾಡ. ನಮ್ಮ ಕರಾರ ಏನೈತಿ? ಮಾರಿ ಮುಂದ ಸಾವಿರ ಸುಳ್ಳು, ಟವೆಲ್ ಕೆಳಗ ಒಂದೂ ಇಲ್ಲ. ಗುರಣ್ಣನಂಥ ಗುರಣ್ಣಗೂ ಆ ಕರಾರ ಮುರದಿಲ್ಲ ನಾವು. ನಿನಗ...

ಆತು. ತಗೋ. ಹಿಡಿ.

ಎಷ್ಟ ತಣ್ಣಗ ಐತೋ ಕೈ.

ನಾಲ್ಕು. ಮತ್ತ ನಾಲ್ಕು. ಇನ್ನ ನಾಲ್ಕು. ...ತಡಿ, ಒತ್ತತೇನಿ. ನಾಲ್ಕು.

ಹದಿನಾರು. ಆತಲಾ ಸಮಾಧಾನ? ಪೂರಾ ಹದಿನಾರಾಣೆ ಮಾಲ ಇತ್ತೋ. ಆರ ತಾಸ ನಿಂತಿದ್ನಿ ಆ ಸಮುದ್ರದ ಮುಂದ, ಹತ್ತ ನಿಮಿಷ ಅಲ್ಲ. ಆನಿ ಸೀನಿದ ಮ್ಯಾಲೆ ಅಡವ್ಯಾಗ ಒಬ್ಬನಽ ಹೊಟ್ಟಿ ಹಿಡಕೊಂಡ ನಕ್ಕೇನಿ. ಅರವತ್ತನಾಲ್ಕ ವರ್ಷದಾಗ ಅಂಥಾದ್ದ ನೋಡಿದ್ದಿಲ್ಲ, ಮುಂದ ನೋಡೂದಿಲ್ಲ.

ಕೈ ಬಿಡಬ್ಯಾಡ ಇನ್ನ. ಕೈ ಕೆಳಗ ಇದ್ದಾಗ ಇನ್ನೊಂದ ಹೇಳ್ತೇನಿ. ಏಜೆಂಟ ಹಂಗ ಅಂದಿದ್ದಿಲ್ಲ. ‘ಆರ ತಿಂಗಳ ಮುಂದ ಹಾಕ್ತೇನ್ರಿ ಸಾವಕಾರ್ರ, ಗೆಳ್ಯಾ ಎದ್ದ ಮ್ಯಾಲೆ ಇಬ್ಬರೂ ಹೋಗ್ರಿ’ ಅಂದಿದ್ದ. ನಾನಽ ಬ್ಯಾಡ ಅಂದ್ನಿ. ಕೊಲ್ಲಾಪುರದಾಗ ಆ ಖಾಟಿನ ಮ್ಯಾಲೆ ನಿನ್ನ ನೋಡಿದ್ನಿ, ಬಾಯಾಗ ನಳಿ, ಜೊಲ್ಲ ಸೋರತಿತ್ತು... ಇಂವ ಏಳೂದಿಲ್ಲ ಅಂತ ಲೆಕ್ಕ ಹಾಕಿದ್ನಿ. ಕೆಟ್ಟ ಮಾಲ ಬಿಟ್ಟ ಏಳಾವರ ಹಂಗ ಎದ್ದ ಹೋದ್ನಿ. ನಿನಗ ಮೂರ ಸಲ ಬೈಯಲೂ ಇಲ್ಲ, ಬಾಳಗೊಂಡ. ಒಂದ ಸಲ ನೋಡಿದ್ನಿ, ಹೋದ್ನಿ. ಲಂಕಾದ ಮೀನಲ್ಲ, ಜಿಗಳಿ ಅಲ್ಲ, ಇದು ಹೇಸಿಗಿ. ಇದು.

ಕೈ ಕಸಗೋತಿ ಅಂತ ತಿಳದಿದ್ನಿ. ಕಸಗೋಲಿಲ್ಲ ನೀ.

ಏನ ಒತ್ತಾಕತ್ತಿ? ನಾಲ್ಕು... ನಾಲ್ಕು... ಜೋರ ಐತಲ್ಲೋ ಎಡಗೈ... ನಾಲ್ಕು.

ಮುಂದ?

ಹನ್ನೆರಡಕ್ಕ ನಿಂತೆಲ್ಲೋ. ಒತ್ತ, ಇನ್ನ ನಾಲ್ಕ ಐತಿ. ಹದಿನಾರ ಅಂತ ಖರೇ ಒತ್ತೇನಿ ನಾ, ನಿನ್ನ ಆಣಿ, ಟವೆಲ್ ಕೆಳಗ ಸುಳ್ಳ ಹೇಳಿಲ್ಲ. ಹನ್ನೆರಡಽ ಅಂತೀಯಾ? ನೋಡದ ಮಾಲಿಗೆ ನಾಲ್ಕಾಣೆ ಕಡದೆಲ್ಲೋ ಕಸಾಯಿ! ಎಲ್ಲಿ ತಪ್ಪೇತಿ ಎಳಿ? ಎಲ್ಲಿ ತಪ್ಪೇತಿ ತೋರಸ...

ಕೈ ಬಿಡಿಸ್ಕೊಂಡು ನಿನ್ನ ಎದೀಗೆ ಹಚ್ಚಿದೇನು?

ಹೂಂ.

ಹೌದು. ತಿರುವ ಬಂದಾಗೊಮ್ಮೆ ಚೀಲ ಬೀಳ್ತಿತ್ತು.

ಹನ್ನೆರಡ.