ಬೆಸುಗೆ ಹಾಕಿದ ಗಿಂಡಿ

ಸಂಪತ್ಕುಮಾರ ಕೊನೇ ಬಸ್ಸಿಳಿದಾಗ ಹೊಳೆನರಸೀಪುರ ಮಲಗಿಬಿಟ್ಟಿತ್ತು. ಕೈಯಲ್ಲಿ ಸಾಮಾನಿಲ್ಲ. ಮೊಬೈಲು ಸತ್ತಿತ್ತು. ಚಾರ್ಜರು ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಎಲ್ಲಿದೆಯೋ ಏರ್‌ಲೈನಿನವರಿಗೇ ಗೊತ್ತಿರಲಿಲ್ಲ. ನಮ್ಮ ಬೀದಿಗೆ ಬರಬೇಕಾದರೆ ಆಲದ ಮರದ ಕೆಳಗಿನ ಹಳೇ ಬಾವಿ ದಾಟಬೇಕು...

ಇದು 2007ರ ಮಾತು. ಅವನು ನನ್ನ ಪಕ್ಕದ ಮನೆಯವನು, ಹೈಸ್ಕೂಲು ಮೇಷ್ಟ್ರು. ನಾನು ದೆವ್ವ ನಂಬುವವನಲ್ಲ. ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತೂ ಕೂತೂ, ಬದುಕಿರುವವರ ಕಾಟವೇ ನನಗೆ ಸಾಕಾಗಿದೆ.

ಅವನ ತಾಯಿ ಗೋದಮ್ಮ ಹಾಸಿಗೆ ಹಿಡಿದಿದ್ದರು. ಮಗ್ಗುಲು ತಿರುಗಲೂ ಆಗದು. ಒಂದೇ ಆಸೆ: ಪ್ರಾಣ ಹೋಗುವಾಗ ಬಾಯಿಗೆ ಮುಕ್ತಿನಾಥದ ಗಂಡಕಿ ನೀರು ಬೀಳಬೇಕು. ಅದಕ್ಕೇ ಮಗ ನೇಪಾಳಕ್ಕೆ ಹೋದ. ಮುಕ್ತಿನಾಥದ ಕಡೆಗೆ ವಿಮಾನ ಹತ್ತಬೇಕಾದ ಪೋಖರಾದಲ್ಲಿ ದಿನಾ ಬೆಳಿಗ್ಗೆ "ಗಾಳಿ ಜೋರು, ವಿಮಾನ ಇಲ್ಲ" ಎಂದರು. ಮುಂಗಡ ಈಸಿಕೊಂಡಿದ್ದ ಹೋಟೆಲಿನವನು ರೂಮನ್ನು ಬೇರೆಯವರಿಗೆ ಕೊಟ್ಟು, ಇವನನ್ನು ಮೆಟ್ಟಿಲ ಕೆಳಗೆ ಮಲಗಿಸಿದ. ಹೇಗೋ ಹೋಗಿ, ತಾಮ್ರದ ಗಿಂಡಿಗೆ ನೀರು ತುಂಬಿ, ಬಾಯಿಗೆ ಬೆಸುಗೆ ಹಾಕಿಸಿ ತಂದರೆ, ಕಠ್ಮಂಡುವಿನಲ್ಲಿ "ನೀರು ಕೈಯಲ್ಲಿ ಒಯ್ಯುವಂತಿಲ್ಲ" ಎಂದು ಪೆಟ್ಟಿಗೆಯೊಳಕ್ಕೆ ಹಾಕಿಸಿದರು. ಬೆಂಗಳೂರಲ್ಲಿ ಇವನು ಇಳಿದ. ಪೆಟ್ಟಿಗೆ ಇಳಿಯಲಿಲ್ಲ.

"ನಾಳೆ ಬರುತ್ತೆ ಸಾರ್."

ಮಾರನೇ ದಿನವೂ ಅದೇ ನಾಳೆ! ಸಾಯುವವರಿಗೆ ನಾಳೆ ಎಲ್ಲಿಂದ ತರೋಣ? ಬೂತಿನಿಂದ ಮನೆಗೆ ಫೋನ್ ಮಾಡಿದರೆ ಹೆಂಡತಿ ಹಂಸ, "ನೀರು ಹಾಳಾಗ್ಲಿ, ನೀವು ಬನ್ನಿ" ಎಂದು ಅತ್ತಳು. ಬರಿಗೈಯಲ್ಲೇ ಹೊರಟ.

ಬಾವಿಯ ಹತ್ತಿರ ಸದ್ದು. ಕಿರ್ರ್... ಕಿರ್ರ್... ರಾಟೆ ತಿರುಗುವ ಸದ್ದು.

ಆ ಬಾವಿಗೆ ರಾಟೆ ಇಲ್ಲ. ಪುರಸಭೆಯವರು ಕಂಬದ ಸಮೇತ ಕಿತ್ತು ಎಷ್ಟೋ ವರ್ಷವಾಗಿತ್ತು.

"ಸಂಪತ್ತೂ... ತಂದ್ಯೇನೋ?"

ಕಟ್ಟೆಯ ಪಕ್ಕ ಗೋದಮ್ಮ ನಿಂತಿದ್ದರು.

"ಅಮ್ಮಾ! ಯಾಕೆ ಎದ್ದು ಬಂದೆ?"

"ಬಾಯಿ ಒಣಗ್ತಿದೆಯೋ. ಸೇದಿದ್ರೆ ಬರೀ ಹಗ್ಗ ಬರ್ತಿದೆ..."

"ಪೆಟ್ಟಿಗೆ ಬಂದಿಲ್ಲಮ್ಮ. ನಾಳೆ ಅಂತಾರೆ."

"ನಿಂಗೆ ನೆಟ್ಟಗೆ ಒಂದು ಜಗಳ ಆಡಕ್ಕೂ ಬರಲ್ಲ. ಥೇಟ್ ನಿಮ್ಮಪ್ಪ. ಎಲ್ಲಿಟ್ಕೊಂಡಿದಾರೆ?"

"ಕಠ್ಮಂಡುವಲ್ಲೇ ಬಿಟ್ಟಿರಬೇಕು..."

"ಸರಿ ಬಿಡು. ನಾನೇ ನೋಡ್ಕೋತೀನಿ."

ರಾಟೆ ನಿಂತಿತು. ಕಟ್ಟೆಯ ಬಳಿ ಯಾರೂ ಇಲ್ಲ.

ಅವನು ಓಡಿ ಬಂದಾಗ ಜಗಲಿಯ ಮೇಲೆ ನಾನು ಕೂತಿದ್ದೆ. ಗೋದಮ್ಮ ಸಂಜೆಯೇ ಹೋಗಿದ್ದರು. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಗಂಡಕಿ ನೀರಿಲ್ಲದೆ, ಹಂಸ ಅವರ ಒಣ ಬಾಯಿಗೆ ತುಳಸಿ ಎಲೆಯೊಂದನ್ನು ಇಟ್ಟಿದ್ದಳು. ಹುಳ ತಿಂದು ನಡುವೆ ತೂತಾಗಿದ್ದ ಎಲೆ. ಗಿಡದಲ್ಲಿ ಉಳಿದಿದ್ದೇ ಅದೊಂದು. ಇಡುವಾಗ ನಾನು ನೋಡಿದ್ದೆ. ಆ ಎಲೆಯೊಂದಿಗೇ ಅವರನ್ನು ಸುಟ್ಟು ಬಂದೆವು.

ಕರ್ಮವೆಲ್ಲ ಮುಗಿದ ಮೇಲೆ ಪೆಟ್ಟಿಗೆ ಬಂತು. ಗಿಂಡಿ ಅಲ್ಲಾಡಿಸಿದೆ. ನೀರಿನ ಸದ್ದೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಏರ್‌ಲೈನಿಗೆ ಫೋನ್ ಹಚ್ಚಿದೆ.

"ಏನ್ರೀ, ಬೆಸುಗೆ ಹಾಕಿದ ಗಿಂಡಿ ಖಾಲಿ ಬಂದಿದೆ, ಸಾಯೋರ ಬಾಯಿ ನೀರೂ ಬಿಡಲ್ವೇನ್ರೀ ನೀವು?"

"ಸಾರ್, ಬೆಸುಗೆ ಬಿಟ್ಟಿದೆಯಾ ನೋಡಿ ಹೇಳಿ."

ಬಿಟ್ಟಿರಲಿಲ್ಲ. ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಪಾತ್ರೆ ರಿಪೇರಿಯ ಬೈರಯ್ಯನ ಹತ್ತಿರ ಒಯ್ದು ನನ್ನ ಎದುರಿಗೇ ಕುಯ್ಯಿಸಿದೆ. ಸಂಪತ್ಕುಮಾರನೂ ಇದ್ದ, ಹೋಗಿ ಕೇಳಿ. ಒಳಗೆ ಒಂದು ತೊಟ್ಟು ನೀರಿರಲಿಲ್ಲ.

ತುಳಸಿ ಎಲೆಯೊಂದಿತ್ತು. ಹಸಿರಾಗಿತ್ತು. ನಡುವೆ ತೂತು.