ಮಡಿನೀರಿನ ಕೊಡ

ಅಧ್ಯಕ್ಷತೆ ವಹಿಸಿರುವ ತಾಯಣ್ಣನವರೇ, ವೇದಿಕೆಯ ಮೇಲಿನ ಡಾಕ್ಟರ್ ಸಾಹೇಬರೇ, ಮುಂದಿನ ಸಾಲನ್ನು ಯಾರಿಗೂ ಬಿಟ್ಟುಕೊಡದ ತಾಯಂದಿರೇ, ನನ್ನ ಮಾತು ಮುಗಿದರೆ ಚಹಾ ಬಂದೀತೆಂದು ಕಾದಿರುವ ಸಭಿಕರೇ,

ಮಾನ್ವಿಯಿಂದ ದೇವದುರ್ಗಕ್ಕೆ ವರ್ಗವಾದ ನಮ್ಮ ನರ್ಸಬಾಯಿ ಯಮನಮ್ಮನವರನ್ನು ಬೀಳ್ಕೊಡುವ ಈ ಸಭೆಯಲ್ಲಿ ಎರಡು ಮಾತಾಡೆಂದು ನನಗೆ ಅಪ್ಪಣೆಯಾಗಿದೆ. ಸಾಲಿ ಮಾಸ್ತರನ ಎರಡು ಮಾತು ಎಷ್ಟುದ್ದವೆಂದು ನಿಮಗೆ ಗೊತ್ತು. ಯಮನಮ್ಮನವರು ಮನೆಮನೆಗೆ ಹೋಗಿ ಕೇಳುತ್ತಿದ್ದುದು ಒಂದೇ: ಇಲ್ಲಿ ಯಾರಿಗಾದರೂ ಸುಟ್ಟಿದೆಯೇ, ಹೇಗೆ ಸುಟ್ಟಿತು? ಯಾರು ಹೇಳುತ್ತಾರೆ? ಸುಟ್ಟ ಕೈಗೆ ಶಾಯಿ ಹಚ್ಚಿ, ಸೆರಗು ಮುಚ್ಚಿ, ಏನೂ ಇಲ್ಲರೀ ಎನ್ನುವ ಊರು ನಮ್ಮದು.

ಇನ್ನು ನಮ್ಮವ್ವ ಸತ್ಯಭಾಮಾಬಾಯಿ. ಇಲ್ಲೇ ಕೂತಿದ್ದಾಳೆ, ಹುಬ್ಬು ಗಂಟಿಕ್ಕಿದ್ದಾಳೆ, ಆದರೂ ಹೇಳುತ್ತೇನೆ. ಎಪ್ಪತ್ತೆಂಟನೇ ಇಸವಿಯಲ್ಲಿ ಆಕೆ ರಾಯಚೂರಿನಿಂದ ನೈಲಾನ್ ಸೀರೆ ತಂದಳು. ನಮ್ಮಲ್ಲಿ ಅಡುಗೆಗೆ ನಿಲ್ಲುವವರು ತೊಳೆದು, ಯಾರೂ ಮುಟ್ಟದಂತೆ ಒಣಗಿಸಿದ ಮಡಿ ಸೀರೆಯನ್ನೇ ಉಡಬೇಕು. ನೂಲಿನ ಸೀರೆ ಒಣಗುವಷ್ಟರಲ್ಲಿ ಸಾಲಿ ಗಂಟೆ ಹೊಡೆಯುತ್ತದೆ. ನೈಲಾನ್ ಜಾಡಿಸಿದರೆ ಒಣಗಿತು. ನೈಲಾನಿಗೆ ಮಡಿಯಿಲ್ಲ ಎಂದರು ಶಾಸ್ತ್ರ ಬಲ್ಲವರು. "ಹಂಗಾದ್ರ ನೀವೇ ಬಂದು ಅಡಿಗಿ ಮಾಡ್ರಿ" ಎಂದಳು ಅವ್ವ. ಶಾಸ್ತ್ರ ಅಲ್ಲಿಗೆ ಮುಗಿಯಿತು.

ಆ ಸೀರೆ ಉಟ್ಟು ಒಲೆಯ ಮುಂದೆ ಕೂಡಬೇಡಿರೆಂದು ಯಮನಮ್ಮನವರು ಬಂದಾಗಲೆಲ್ಲ ಹೊಸ್ತಿಲಾಚೆ ನಿಂತು ಹೇಳಿದರು. ಹೊಸ್ತಿಲಾಚೆ ಏಕೆಂದು ಕೇಳಬೇಡಿ. ನಿಮ್ಮ ಮನೆಗಳಲ್ಲೂ ಅವರು ನಿಂತದ್ದು ಅಲ್ಲೇ.

ಒಂದು ದಿನ ಹಾಗೆ ಹೇಳುತ್ತಿರುವಾಗಲೇ ಅವ್ವನ ಸೆರಗಿಗೆ ಬೆಂಕಿ ಹತ್ತಿತು. ನಾನು ಪಡಸಾಲೆಯಲ್ಲಿ ನಿಂತು ಕೂಗಿದೆ, ಅಷ್ಟೇ. ಯಮನಮ್ಮನವರು ಹೊಸ್ತಿಲು ದಾಟಿ, ದೇವರ ಅಡುಗೆಗೆ ತುಂಬಿಟ್ಟಿದ್ದ ಕೊಡ ಎತ್ತಿ ಸುರಿದರು. ಬೆಂಕಿ ಆರಿತು. ಆ ನೋವಿನಲ್ಲೂ ಅವ್ವ ಅಂದದ್ದು, "ಮಡಿನೀರು ಮುಟ್ಟಿಬಿಟ್ಟೀಯಲ್ಲ ಯವ್ವಾ."

"ಮುಟ್ಟೀನ್ರೀ ಬಾಯಾರ. ನಿಮ್ಮ ಕೈ ಇನ್ನಾ ಉರಿಯಾಕತ್ತದ. ಇನ್ನೊಂದು ಕೊಡ ಎಲ್ಲದ, ತೋರಸ್ರಿ."

ಅವ್ವ ತೋರಿಸಿದಳು.

ಗಾಯ ಮಾಯ್ದ ಮೇಲೆ ಅವ್ವ ಯಮನಮ್ಮನವರ ಜೊತೆ ಓಣಿ ಓಣಿ ತಿರುಗಿದಳು. ತನ್ನ ತೋಳಿನ ಕಲೆ ತೋರಿಸಿ, ಈಗ ನಿನ್ನದು ತೋರಿಸು ಎನ್ನುತ್ತಿದ್ದಳು. ಆಕೆಯೆದುರು ಸುಳ್ಳು ಹೇಳುವ ಧೈರ್ಯ ಯಾವ ಸೊಸೆಗಿದೆ? ಯಾವ ಅತ್ತೆಗಿದೆ? ಮುಚ್ಚಿಟ್ಟ ಗಾಯಗಳು ದವಾಖಾನೆಗೆ ಬಂದವು. ನೈಲಾನ್ ಸೀರೆಗಳು ಅಡುಗೆಮನೆ ಬಿಟ್ಟು ಮದುವೆಮನೆ ಸೇರಿದವು. ಇದು ಇಲಾಖೆಯ ಸಾಧನೆಯೆಂದು ಡಾಕ್ಟರ್ ಸಾಹೇಬರು ಈಗಷ್ಟೇ ಹೇಳಿದರು. ಇರಲಿ, ಚಪ್ಪಾಳೆ ತಟ್ಟಿದ್ದೇವೆ.

ಆದರೆ ಇಷ್ಟು ವರ್ಷ ಯಮನಮ್ಮನವರು ನಮ್ಮ ಮನೆಯಲ್ಲಿ ಒಂದು ತುತ್ತೂ ಉಂಡಿಲ್ಲ. ನಾವು ಕರೆದೂ ಇರಲಿಲ್ಲ. ಈ ಮಾತು ಬರೆದುಕೊಂಡು ಬಂದದ್ದಲ್ಲ, ಬಾಯಿಗೆ ಬಂತು. ಮೊನ್ನೆ ಅವ್ವ ಕರೆದಾಗ ಅವರು ನಕ್ಕು, ಇರಲಿ ಬಿಡ್ರಿ ಎಂದರಂತೆ. ಅದಕ್ಕೇ ಇಂದು ಬೆಳಿಗ್ಗೆ ಅವ್ವ ನನಗೆ ಹೇಳಿದ್ದು:

"ಪ್ರಹ್ಲಾದಾ, ನಾ ಒಬ್ಬಾಕಿ ಕರದ್ರ ಆಕಿ ಬರೂದಿಲ್ಲ. ನಾಕು ಮಂದಿ ಮುಂದ ಮೈಕಿನ್ಯಾಗ ಕರಿ. ಅಡಿಗಿಮನ್ಯಾಗ ನನ್ನ ಬಾಜೂಕ ಎಲಿ ಹಾಕ್ತೀನಿ ಅಂತ ಹೇಳು."

ಯಮನಮ್ಮನವರೇ, ಕರೆದಿದ್ದೇನೆ. ದೇವದುರ್ಗದ ಬಸ್ಸು ಸಂಜೆಗಿದೆ, ಹೋಳಿಗೆ ಆಗಲೇ ಆಗಿದೆ. ಉತ್ತರ ನನಗೆ ಬೇಡ, ಅವ್ವನಿಗೇ ಕೊಡಿ. ಬೆಳಗಿನಿಂದ ಆಕೆಯೂ ಉಂಡಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.